ಉಸಿರಿನ ಸಣ್ಣ ದಾರಿಗಳು: ಕಾಯಿಲೆ ಶುರುವಾಗುವ ಜಾಗ ಕಣ್ಣಿಗೆ ಬೀಳುವುದಿಲ್ಲ ಏಕೆ?

ಶ್ವಾಸಕೋಶದ ಆರೋಗ್ಯದ ಮಾತು ಬಂದಾಗ ನಮ್ಮ ಗಮನ ಸಾಮಾನ್ಯವಾಗಿ ಎರಡು ಕಡೆ ನಿಲ್ಲುತ್ತದೆ. ಒಂದು, ಹೊರಗಿನ ಹೊಗೆ ಮತ್ತು ದೂಳು. ಇನ್ನೊಂದು, ರಕ್ತಕ್ಕೆ ಆಮ್ಲಜನಕ ಸೇರುವ ಗಾಳಿಗೂಡುಗಳು. ಇವೆರಡರ ನಡುವಿನ ದಾರಿಯನ್ನು ಬರೀ ಕೊಳವೆಯೆಂದು ದಾಟಿಬಿಡುತ್ತೇವೆ. ಆದರೆ ಜಗತ್ತಿನ ಕೋಟ್ಯಂತರ ಜನರನ್ನು ಕಾಡುವ ಎರಡು ಕಾಯಿಲೆಗಳು, ಅಂದರೆ ಉಬ್ಬಸ ಮತ್ತು ಸಿಒಪಿಡಿ ಎನ್ನುವ ದೀರ್ಘಕಾಲದ ಶ್ವಾಸ ಅಡಚಣೆ, ಬೇರೂರುವುದು ಈ ದಾರಿಯಲ್ಲೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಸಿಒಪಿಡಿಯಿಂದ ಸುಮಾರು 35 ಲಕ್ಷ ಜನ ತೀರಿಕೊಂಡರು. ಸಾವಿನ ಕಾರಣಗಳ ಪಟ್ಟಿಯಲ್ಲಿ ಅದಕ್ಕೆ ನಾಲ್ಕನೆಯ ಸ್ಥಾನ.

ಸಿಒಪಿಡಿ ಪತ್ತೆಯಾಗುವ ಹೊತ್ತಿಗೆ ಬಹಳಷ್ಟು ಕೈಮೀರಿರುತ್ತದೆ ಎಂಬುದು ವೈದ್ಯರ ಹಳೆಯ ಕೊರಗು. ರೋಗಿಯ ಅಸಡ್ಡೆಯೇ ಇದಕ್ಕೆ ಕಾರಣವೆಂದು ಹೇಳಿಬಿಡುವುದು ಸುಲಭ. ಆ ಆರೋಪ ಅನ್ಯಾಯದ್ದು ಎಂದೇ ನನ್ನ ಅನಿಸಿಕೆ. ಗಾಳಿದಾರಿಗಳು ಕವಲೊಡೆದಿರುವ ಬಗೆಯೇ ಆಗುತ್ತಿರುವ ನಷ್ಟವನ್ನು ವರ್ಷಗಟ್ಟಲೆ ಮುಚ್ಚಿಡುತ್ತದೆ. ರೋಗಿಗೆ ಏದುಸಿರು ಬರುವುದಿಲ್ಲ, ಕೆಮ್ಮು ಬರುವುದಿಲ್ಲ, ಪರೀಕ್ಷೆ ಮಾಡಿಸಿದರೂ ವರದಿ ಚೆನ್ನಾಗಿಯೇ ಇರುತ್ತದೆ. ಹೀಗೇಕೆ ಎಂದು ತಿಳಿಯಬೇಕಾದರೆ ಗಾಳಿಯ ಜೊತೆಗೇ ಒಳಗಿಳಿದು ನೋಡಬೇಕು.

ಧ್ವನಿಪೆಟ್ಟಿಗೆಯ ಕೆಳಗಿನಿಂದ ಶ್ವಾಸನಾಳ ಶುರುವಾಗುತ್ತದೆ. ವಯಸ್ಕರಲ್ಲಿ ಅದು 10ರಿಂದ 12 ಸೆಂಟಿಮೀಟರ್ ಉದ್ದ, ಎರಡು ಸೆಂಟಿಮೀಟರಿಗೆ ಹತ್ತಿರದ ಅಗಲ. ಕುತ್ತಿಗೆಯ ಬುಡದಲ್ಲಿ, ಎದೆಮೂಳೆಯ ಮೇಲಿನ ಗುಳಿಯಲ್ಲಿ ಬೆರಳಿಟ್ಟು ಮೆಲ್ಲನೆ ಒತ್ತಿದರೆ ಅದರ ಗಟ್ಟಿ ಉಂಗುರಗಳು ಕೈಗೆ ಸಿಗುತ್ತವೆ. 16ರಿಂದ 20ರಷ್ಟಿರುವ ಈ ಮೃದ್ವಸ್ಥಿಯ ಉಂಗುರಗಳು ಪೂರ್ತಿ ಸುತ್ತು ಬರುವುದಿಲ್ಲ, ಹಿಂಬದಿಯಲ್ಲಿ ತೆರೆದಿರುತ್ತವೆ. ಆ ತೆರವನ್ನು ಸ್ನಾಯುವಿನ ಪಟ್ಟಿಯೊಂದು ತುಂಬಿರುತ್ತದೆ, ಅದರ ಬೆನ್ನಿಗೇ ಅನ್ನನಾಳ ಇಳಿದಿರುತ್ತದೆ. ಕೆಮ್ಮುವಾಗ ಈ ಮೆತ್ತನೆಯ ಹಿಂಗೋಡೆ ಒಳಕ್ಕೆ ಒತ್ತಿಕೊಂಡು ನಾಳವನ್ನು ಕಿರಿದು ಮಾಡುತ್ತದೆ. ಕಿರಿದಾದ ದಾರಿಯಲ್ಲಿ ಗಾಳಿ ರಭಸದಿಂದ ನುಗ್ಗುವುದರಿಂದಲೇ ಕಫ ಗೋಡೆ ಬಿಟ್ಟು ಕಿತ್ತುಬರುತ್ತದೆ. ಗಟ್ಟಿ ಮುಂಗೋಡೆ ದಾರಿ ಕುಸಿಯದಂತೆ ಕಾಯುತ್ತದೆ, ಮೆತ್ತನೆಯ ಹಿಂಗೋಡೆ ಕೆಮ್ಮಿಗೆ ಬಲ ಕೊಡುತ್ತದೆ.

ಎದೆಯ ನಡುವೆ ನಾಳ ಎರಡಾಗಿ ಒಡೆಯುತ್ತದೆ. ಆ ಕವಲಿನ ಏಣಿನಲ್ಲಿ ಕೆಮ್ಮು ಹುಟ್ಟಿಸುವ ನರತುದಿಗಳು ಕಿಕ್ಕಿರಿದಿವೆ. ಪರೀಕ್ಷೆಗೆಂದು ಇಳಿಸುವ ಬ್ರಾಂಕೋಸ್ಕೋಪ್ ಅಲ್ಲಿಗೆ ತಾಗಿದರೆ ಸಾಕು, ರೋಗಿಗೆ ಕೆಮ್ಮು ಒತ್ತರಿಸಿಕೊಂಡು ಬರುತ್ತದೆ. ಬಲಗವಲು ಗಿಡ್ಡ, ಅಗಲ ಮತ್ತು ಹೆಚ್ಚು ನೇರ. ಎಡಗವಲು ಹೃದಯವನ್ನು ಬಳಸಿಕೊಂಡು ಓರೆಯಾಗಿ, ಬಲದ್ದರ ಸುಮಾರು ಎರಡರಷ್ಟು ಉದ್ದಕ್ಕೆ ಸಾಗುತ್ತದೆ. ಆಕಸ್ಮಿಕವಾಗಿ ಉಸಿರಿನೊಂದಿಗೆ ಒಳಹೋದ ಮಣಿಯೋ ಪೆನ್ನಿನ ಮುಚ್ಚಳವೋ ಹೆಚ್ಚಾಗಿ ಬಲಗಡೆಯೇ ಸಿಕ್ಕಿಕೊಳ್ಳುವುದು ಈ ಕಾರಣಕ್ಕೆ.

ಅಲ್ಲಿಂದ ಮುಂದೆ ಕವಲೊಡೆಯುವುದೇ ಕೆಲಸ. ಬಲ ಶ್ವಾಸಕೋಶದ ಮೂರು ಹಾಲೆಗಳಿಗೆ ಮೂರು, ಎಡದ ಎರಡು ಹಾಲೆಗಳಿಗೆ ಎರಡು, ಮತ್ತೆ ಪ್ರತಿ ಹಾಲೆಯೊಳಗಿನ ಭಾಗಗಳಿಗೆ ಬೇರೆ ಬೇರೆ ಕವಲುಗಳು. ಸ್ವಿಟ್ಜರ್ಲೆಂಡಿನ ಅಂಗರಚನಾ ವಿಜ್ಞಾನಿ ಎವಾಲ್ಡ್ ವೈಬೆಲ್ ಮನುಷ್ಯರ ಶ್ವಾಸಕೋಶದ ಅಳತೆಗಳನ್ನು ತೆಗೆದು 1963ರಲ್ಲಿ ಒಂದು ಮಾದರಿಯನ್ನು ಮುಂದಿಟ್ಟರು. ಅದರಂತೆ ಶ್ವಾಸನಾಳದಿಂದ ಕೊನೆಯ ಗಾಳಿಗೂಡಿನವರೆಗೆ ದಾರಿ ಸುಮಾರು 23 ಸಲ ಇಬ್ಭಾಗವಾಗುತ್ತದೆ. ಮೊದಲ 16 ಕವಲುಗಳ ತನಕ ನಡೆಯುವುದು ಸಾಗಣೆ ಮಾತ್ರ. ಅಲ್ಲಿ ಆಮ್ಲಜನಕದ ಒಂದು ಕಣವೂ ರಕ್ತಕ್ಕೆ ದಾಟುವುದಿಲ್ಲ. ಒಂದು ಸಾಧಾರಣ ಉಸಿರಿನಲ್ಲಿ ಅರ್ಧ ಲೀಟರಿನಷ್ಟು ಗಾಳಿ ಒಳಬಂದರೆ, ಅದರಲ್ಲಿ ಸುಮಾರು 150 ಮಿಲಿಲೀಟರ್ ಈ ಸಾಗಣೆಯ ದಾರಿಗಳಲ್ಲೇ ಉಳಿದು ಹಾಗೆಯೇ ಹೊರಟುಹೋಗುತ್ತದೆ. ಅದು ವ್ಯರ್ಥವೆಂದು ನನಗೆ ತೋರುವುದಿಲ್ಲ. ಒಣಗಾಳಿ ತೇವಗೊಳ್ಳುವುದು, ತಣ್ಣನೆಯ ಗಾಳಿ ಮೈಯ ಬಿಸಿಗೆ ಬರುವುದು, ದೂಳು ಸೋಸಿಹೋಗುವುದು ಮೂಗಿನಿಂದ ಹಿಡಿದು ಈ ದಾರಿಯುದ್ದಕ್ಕೂ ನಡೆಯುವ ಕೆಲಸ.

ಕೆಳಗಿಳಿದಂತೆ ಗೋಡೆಯ ಕಟ್ಟಡವೂ ಬದಲಾಗುತ್ತದೆ. ಉಂಗುರಗಳು ಚೂರುಚೂರು ಮೃದ್ವಸ್ಥಿಯ ಹಲಗೆಗಳಾಗುತ್ತವೆ. ಒಳ ಅಗಲ ಒಂದು ಮಿಲಿಮೀಟರಿನ ಆಸುಪಾಸಿಗೆ ಬಂದಾಗ ಮೃದ್ವಸ್ಥಿ ಇಲ್ಲವಾಗುತ್ತದೆ, ಲೋಳೆ ಸುರಿಸುವ ಗ್ರಂಥಿಗಳೂ ಇಲ್ಲವಾಗುತ್ತವೆ. ಇಲ್ಲಿಂದ ಮುಂದಿನವನ್ನು ಬ್ರಾಂಕಿಯೋಲ್ ಎನ್ನುತ್ತಾರೆ. ತೆಳ್ಳನೆಯ ಗೋಡೆ, ಅದನ್ನು ಬಳಸಿದ ನಯಸ್ನಾಯು, ಅಷ್ಟೇ. ಇವು ಕುಸಿಯದೆ ತೆರೆದಿರುವುದು ಸ್ವಂತ ಬಲದಿಂದಲ್ಲ. ಸುತ್ತಲಿನ ಗಾಳಿಗೂಡುಗಳ ಸ್ಥಿತಿಸ್ಥಾಪಕ ಎಳೆಗಳು ಇವುಗಳ ಗೋಡೆಯನ್ನು ಎಲ್ಲ ದಿಕ್ಕಿನಿಂದಲೂ ಹೊರಕ್ಕೆ ಜಗ್ಗಿ ಹಿಡಿದಿರುತ್ತವೆ. ಉಸಿರು ಒಳಗೆಳೆದಾಗ ಆ ಜಗ್ಗು ಹೆಚ್ಚುತ್ತದೆ, ಹೊರಬಿಟ್ಟಾಗ ಸಡಿಲುತ್ತದೆ. ಉಬ್ಬಸದವರ ಎದೆಯಲ್ಲಿ ಸುಯ್‌ಸುಯ್ ಸದ್ದು ಉಸಿರು ಬಿಡುವಾಗಲೇ ಹೆಚ್ಚು ಕೇಳುವುದಕ್ಕೆ ಇದೇ ಕಾರಣ. ಗಾಳಿಗೂಡುಗಳ ಗೋಡೆ ನಾಶವಾಗುವ ಎಂಫೈಸಿಮಾದಲ್ಲಿ ಈ ಆಸರೆಯೇ ತಪ್ಪಿಹೋಗುತ್ತದೆ. ಅಂಥವರು ತುಟಿಗಳನ್ನು ಕಿರಿದು ಮಾಡಿ ನಿಧಾನವಾಗಿ ಉಸಿರು ಬಿಡುವುದನ್ನು ಗಮನಿಸಿ. ಯಾರೂ ಹೇಳಿಕೊಡದಿದ್ದರೂ ಎಷ್ಟೋ ಜನ ಇದನ್ನು ತಾವಾಗಿಯೇ ರೂಢಿಸಿಕೊಳ್ಳುತ್ತಾರೆ. ಬಾಯಲ್ಲಿ ಉಂಟಾದ ಆ ತಡೆ ಒಳಗಿನ ದಾರಿಗಳ ಒತ್ತಡವನ್ನು ತುಸು ಹೆಚ್ಚಿಸಿ ಅವು ಬೇಗ ಮುಚ್ಚಿಕೊಳ್ಳದಂತೆ ನೋಡಿಕೊಳ್ಳುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಕೊಳವೆ ಕಿರಿದಾದಷ್ಟೂ ಅದರೊಳಗೆ ಗಾಳಿ ಹರಿಯುವುದು ಕಷ್ಟ. ನವಿರಾದ ಹರಿವಿನಲ್ಲಿ ತ್ರಿಜ್ಯ ಅರ್ಧವಾದರೆ ತಡೆ 16 ಪಟ್ಟು ಏರುತ್ತದೆ. ಹಾಗಿದ್ದ ಮೇಲೆ ಉಸಿರಿಗೆ ಅತಿ ಹೆಚ್ಚು ತಡೆ ಇರಬೇಕಾದದ್ದು ಅರ್ಧ ಮಿಲಿಮೀಟರ್ ಅಗಲದ ಆ ಕೊನೆಯ ಬ್ರಾಂಕಿಯೋಲ್‌ಗಳಲ್ಲಿ ಎಂದು ಯಾರಿಗಾದರೂ ಅನಿಸುತ್ತದೆ. ಬಹುಕಾಲ ವಿಜ್ಞಾನಿಗಳೂ ಹಾಗೆಯೇ ನಂಬಿದ್ದರು. 1967ರಲ್ಲಿ ಪೀಟರ್ ಮ್ಯಾಕ್ಲೆಮ್ ಮತ್ತು ಜೆರೆ ಮೀಡ್ ನಾಯಿಗಳ ಶ್ವಾಸಕೋಶದಲ್ಲಿ ತೆಳು ನಳಿಕೆಗಳನ್ನು ಇರಿಸಿ ದೊಡ್ಡ ದಾರಿಗಳ ತಡೆಯನ್ನೂ ಸಣ್ಣ ದಾರಿಗಳ ತಡೆಯನ್ನೂ ಬೇರೆ ಬೇರೆಯಾಗಿ ಅಳೆದರು. ಫಲಿತಾಂಶ ನಂಬಿಕೆಗೆ ತದ್ವಿರುದ್ಧವಾಗಿತ್ತು. ಎರಡು ಮಿಲಿಮೀಟರಿಗಿಂತ ಕಿರಿದಾದ ದಾರಿಗಳೆಲ್ಲ ಸೇರಿ ಒಡ್ಡುವ ತಡೆ ಒಟ್ಟು ತಡೆಯ ಒಂದು ಸಣ್ಣ ಪಾಲು ಮಾತ್ರ. ಆರೋಗ್ಯವಂತರಲ್ಲಿ ಅದು ಶೇ 10ರಿಂದ 20ರಷ್ಟು ಎಂದು ಈಗಿನ ಪಠ್ಯಗಳು ಹೇಳುತ್ತವೆ.

ಗುಟ್ಟು ಇರುವುದು ಸಂಖ್ಯೆಯಲ್ಲಿ. ಶ್ವಾಸನಾಳದ ಅಡ್ಡಕೊಯ್ತದ ವಿಸ್ತೀರ್ಣ ಎರಡೂವರೆ ಚದರ ಸೆಂಟಿಮೀಟರ್. ವೈಬೆಲ್ ಮಾದರಿಯ 16ನೆಯ ಕವಲಿನಲ್ಲಿ 65 ಸಾವಿರಕ್ಕೂ ಹೆಚ್ಚು ದಾರಿಗಳಿವೆ, ಅವೆಲ್ಲವನ್ನೂ ಕೂಡಿಸಿದರೆ ವಿಸ್ತೀರ್ಣ ಸುಮಾರು 180 ಚದರ ಸೆಂಟಿಮೀಟರ್. ಮುಂದೆ ಅದು ಇನ್ನೂ ಹಲವು ಪಟ್ಟು ಹಿಗ್ಗುತ್ತದೆ. ಒಂದೊಂದೂ ಕಿರಿದು, ಆದರೆ ಎಲ್ಲವೂ ಅಕ್ಕಪಕ್ಕದಲ್ಲಿ ಏಕಕಾಲಕ್ಕೆ ತೆರೆದಿರುವುದರಿಂದ ಒಟ್ಟು ದಾರಿ ವಿಶಾಲ. ಗಾಳಿಯ ವೇಗ ಅಲ್ಲಿ ಎಷ್ಟು ತಗ್ಗುತ್ತದೆಂದರೆ, ಕೊನೆಯ ಹಂತದಲ್ಲಿ ಗಾಳಿ ಬೀಸುವುದೇ ಇಲ್ಲ, ಆಮ್ಲಜನಕದ ಕಣಗಳು ತಾವಾಗಿಯೇ ಹರಡಿಕೊಂಡು ಮುಂದೆ ಸಾಗುತ್ತವೆ.

ಇದರ ಪರಿಣಾಮ ಯೋಚಿಸಿ. ಒಂದು ಊರಿನ ಸಾವಿರ ಓಣಿಗಳಲ್ಲಿ ಮುನ್ನೂರು ಮುಚ್ಚಿಹೋದರೂ ಹೆದ್ದಾರಿಯಲ್ಲಿ ನಿಂತು ವಾಹನ ಎಣಿಸುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಉಳಿದ ಓಣಿಗಳಲ್ಲಿ ಸಂಚಾರ ಹೇಗೋ ನಡೆಯುತ್ತದೆ. ಶ್ವಾಸಕೋಶದಲ್ಲಿ ಆಗುವುದೂ ಅದೇ. ಸಣ್ಣ ದಾರಿಗಳ ಪಾಲಿನ ತಡೆ ಎರಡು ಪಟ್ಟಾದರೂ ಒಟ್ಟು ತಡೆ ಏರುವುದು ಐದನೆಯ ಒಂದಂಶದೊಳಗೆ. ಬಾಯಲ್ಲಿ ಅಳೆಯುವ ಯಂತ್ರಕ್ಕೆ ಆರೋಗ್ಯವಂತರ ನಡುವಿನ ಸಹಜ ವ್ಯತ್ಯಾಸದಿಂದ ಅದನ್ನು ಬೇರ್ಪಡಿಸಲು ಆಗುವುದಿಲ್ಲ. ಮೀಡ್ 1970ರಲ್ಲಿ ಈ ಭಾಗವನ್ನು ಶ್ವಾಸಕೋಶದ ಸದ್ದಿಲ್ಲದ ವಲಯವೆಂದು ಕರೆದರು. ಕೆಮ್ಮಿನ ನರತುದಿಗಳೂ ಕೆಳಗಿಳಿದಂತೆ ವಿರಳವಾಗುತ್ತವೆ. ದೊಡ್ಡ ಕವಲಿಗೆ ಒಂದು ಹನಿ ನೀರು ತಾಗಿದರೂ ಕೆಮ್ಮಿ ಎಬ್ಬಿಸುವ ದೇಹ, ಇಲ್ಲಿ ವರ್ಷಗಳ ಕಾಲ ಉರಿಯೂತ ನಡೆದರೂ ಸುಮ್ಮನಿರುತ್ತದೆ.

ಈ ಮೌನದ ಬೆಲೆ ಎಷ್ಟೆಂಬುದು ಬೇಗನೆ ತಿಳಿದುಬಂತು. 1968ರಲ್ಲಿ ಜೇಮ್ಸ್ ಹಾಗ್, ಮ್ಯಾಕ್ಲೆಮ್ ಮತ್ತು ವಿಲಿಯಂ ಥರ್ಲ್‌ಬೆಕ್ ಎಂಫೈಸಿಮಾದಿಂದ ಮೃತಪಟ್ಟವರ ಶ್ವಾಸಕೋಶಗಳನ್ನು ಇದೇ ವಿಧಾನದಲ್ಲಿ ಅಳೆದಾಗ ಸಣ್ಣ ದಾರಿಗಳ ತಡೆ ಸಹಜಕ್ಕಿಂತ 4ರಿಂದ 40 ಪಟ್ಟು ಏರಿತ್ತು. ಅಡಚಣೆಯ ಮುಖ್ಯ ಜಾಗ ಸಿಕ್ಕಿತ್ತು. ಆದರೆ ದಾರಿಗಳು ಬರೀ ಕಿರಿದಾಗಿದ್ದವೋ ಅಥವಾ ಇಲ್ಲವೇ ಆಗಿದ್ದವೋ ಎಂಬುದು ತಿಳಿಯಲು ಇನ್ನೂ ನಾಲ್ಕು ದಶಕ ಬೇಕಾಯಿತು. ಅತಿಸೂಕ್ಷ್ಮ ಸಿಟಿ ಸ್ಕ್ಯಾನ್ ಬಳಸಿದ 2011ರ ಅಧ್ಯಯನದಲ್ಲಿ, ತೀವ್ರ ಸಿಒಪಿಡಿಯ ಒಂದು ಬಗೆಯಲ್ಲಿ ಕೊನೆಯ ಬ್ರಾಂಕಿಯೋಲ್‌ಗಳ ಪೈಕಿ ಉಳಿದಿದ್ದದ್ದು ಸುಮಾರು ಹತ್ತರಲ್ಲಿ ಒಂದು ಮಾತ್ರ. ಅದಕ್ಕಿಂತ ಕಂಗೆಡಿಸುವ ಸಂಗತಿ 2018ರಲ್ಲಿ ಹೊರಬಂತು: ಕಾಯಿಲೆ ಇನ್ನೂ ಸೌಮ್ಯ ಎಂದು ಕರೆಸಿಕೊಳ್ಳುವ ಹಂತದಲ್ಲೇ ಕೊನೆಯ ಬ್ರಾಂಕಿಯೋಲ್‌ಗಳಲ್ಲಿ ಸುಮಾರು ಶೇ 40 ಇಲ್ಲವಾಗಿದ್ದವು. ಅದೂ ಎಂಫೈಸಿಮಾದ ಗುರುತೇ ಕಾಣದ ಭಾಗಗಳಲ್ಲಿ. ನೂರರಲ್ಲಿ ನಲವತ್ತು ದಾರಿಗಳು ಹೋದ ಮೇಲೂ ಆ ಹಂತವನ್ನು ಸೌಮ್ಯವೆಂದು ಕರೆಯುತ್ತಿದ್ದೇವೆ ಎಂದರೆ, ನಮ್ಮ ಅಳತೆಗೋಲಿನ ಬಗ್ಗೆಯೇ ಗಂಭೀರವಾಗಿ ಚಿಂತಿಸಬೇಕಾಗಿದೆ.

ಈ ದಾರಿಗಳಿಗೆ ರಕ್ಷಣೆಯೇ ಇಲ್ಲವೆಂದಲ್ಲ. ಗೋಡೆಯ ಒಳಮೈಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದೊಂದು ಕೋಶದ ಮೇಲೂ ಇನ್ನೂರರಷ್ಟು ಸಿಲಿಯಾಗಳು, ಅಂದರೆ ರೋಮದಂಥ ಎಳೆಗಳು, ನಿಂತಿರುತ್ತವೆ. ಒಂದೊಂದರ ಉದ್ದ ಆರೇಳು ಮೈಕ್ರೋಮೀಟರ್. ಅವುಗಳ ಬುಡ ತೆಳು ದ್ರವದಲ್ಲಿ ಮುಳುಗಿದ್ದು, ತುದಿ ಮಾತ್ರ ಮೇಲಿನ ಲೋಳೆಗೆ ತಾಗುತ್ತದೆ. ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಬಾರಿ ಅವು ಒಂದೇ ದಿಕ್ಕಿಗೆ ಬಡಿಯುತ್ತವೆ. ಮುಂದಕ್ಕೆ ಬಡಿಯುವಾಗ ನೆಟ್ಟಗೆ ಚಾಚಿಕೊಂಡು ಲೋಳೆಯನ್ನು ತಳ್ಳುತ್ತವೆ, ಹಿಂದಕ್ಕೆ ಬರುವಾಗ ಬಾಗಿ ದ್ರವದೊಳಗಿಂದಲೇ ನುಸುಳುತ್ತವೆ. ಹೀಗೆ ದೂಳು, ರೋಗಾಣು ಸಮೇತ ಲೋಳೆಯ ಪದರ ನಿಮಿಷಕ್ಕೆ ಕೆಲವು ಮಿಲಿಮೀಟರಿನಂತೆ ಗಂಟಲಿನ ಕಡೆಗೆ ಏರುತ್ತದೆ. ಅದನ್ನು ನಾವು ಗೊತ್ತಿಲ್ಲದಂತೆಯೇ ನುಂಗುತ್ತಿರುತ್ತೇವೆ. ಸಿಗರೇಟಿನ ಹೊಗೆ ಈ ಎಳೆಗಳನ್ನು ಗಿಡ್ಡವಾಗಿಸುತ್ತದೆ, ಮಂದವಾಗಿಸುತ್ತದೆ, ಜೊತೆಗೆ ಲೋಳೆಯನ್ನು ಹೆಚ್ಚಿಸುತ್ತದೆ. ಧೂಮಪಾನ ಬಿಟ್ಟ ಮೊದಲ ವಾರಗಳಲ್ಲಿ ಕೆಲವರಿಗೆ ಕೆಮ್ಮು ಹೆಚ್ಚಾಗುವುದುಂಟು. ಸಿಲಿಯಾಗಳು ಮತ್ತೆ ಕೆಲಸಕ್ಕೆ ಇಳಿದಿರುವುದು ಅದಕ್ಕೆ ಒಂದು ಕಾರಣ, ಅದಕ್ಕೆ ಹೆದರಿ ಸಿಗರೇಟಿಗೆ ಮರಳಬಾರದು.

ಎಲ್ಲ ದೂಳೂ ಇಲ್ಲಿಗೆ ಮುಟ್ಟುವುದಿಲ್ಲ. ಹತ್ತು ಮೈಕ್ರೋಮೀಟರಿಗಿಂತ ದಪ್ಪನೆಯ ಕಣಗಳು ಬಹುಪಾಲು ಮೂಗು ಗಂಟಲಲ್ಲೇ ಸಿಕ್ಕಿಬೀಳುತ್ತವೆ. ಅದಕ್ಕಿಂತ ಸಣ್ಣವು ಗಾಳಿ ತಿರುವು ತೆಗೆದುಕೊಳ್ಳುವ ದೊಡ್ಡ ಕವಲುಗಳಲ್ಲಿ ಗೋಡೆಗೆ ಬಡಿದು ಅಂಟಿಕೊಳ್ಳುತ್ತವೆ. ಒಂದರಿಂದ ಐದು ಮೈಕ್ರೋಮೀಟರಿನ ಕಣಗಳು ಮಾತ್ರ ಸಣ್ಣ ದಾರಿಗಳಿಗೆ ಇಳಿದು, ಗಾಳಿ ನಿಧಾನವಾದಲ್ಲಿ ಕೆಳಗೆ ಕೂರುತ್ತವೆ. ಇನ್ನೂ ನುಣ್ಣನೆಯವು ಗಾಳಿಗೂಡಿನವರೆಗೂ ಹೋಗುತ್ತವೆ. ಪಿಎಂ 2.5 ಎಂಬ ಹೆಸರಿನಲ್ಲಿ ನಾವು ಅಳೆಯುವುದು ಈ ಕೆಳಗಿಳಿಯಬಲ್ಲ ಕಣಗಳನ್ನೇ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದರ ವಾರ್ಷಿಕ ಸರಾಸರಿಯ ಮಿತಿಯನ್ನು ಘನ ಮೀಟರಿಗೆ 10 ಮೈಕ್ರೋಗ್ರಾಂನಿಂದ 5ಕ್ಕೆ ಇಳಿಸಿತು. ಜಗತ್ತಿನ ಶೇ 99ರಷ್ಟು ಜನ ಉಸಿರಾಡುವ ಗಾಳಿ ಸಂಸ್ಥೆಯ ಮಿತಿಗಳನ್ನು ಮೀರಿದೆ ಎಂದೂ ಅದು ಹೇಳುತ್ತದೆ. ಗಾಳಿ ಕೆಟ್ಟ ದಿನ ಕೆಮ್ಮು ಬರಲಿಲ್ಲವಾದರೆ ತೊಂದರೆಯಾಗಿಲ್ಲ ಎಂಬ ಲೆಕ್ಕಾಚಾರ ಎಷ್ಟು ಅಪಾಯಕರ ಎಂಬುದು ಈಗ ಸ್ಪಷ್ಟವಾಗಬಹುದು. ಕೆಮ್ಮು ದೊಡ್ಡ ದಾರಿಗಳ ದೂರು. ಸಣ್ಣ ದಾರಿಗಳಿಗೆ ದೂರುವ ಶಕ್ತಿಯಿಲ್ಲ.

ಕೆಲಸದ ಜಾಗದ ಗಾಳಿ ಇದೇ ಪಾಠವನ್ನು ಇನ್ನೂ ಕಟುವಾಗಿ ಕಲಿಸಿದೆ. 2000ದಲ್ಲಿ ಅಮೆರಿಕದ ಮಿಸ್ಸೌರಿ ರಾಜ್ಯದಲ್ಲಿ ಮೈಕ್ರೋವೇವ್ ಪಾಪ್‌ಕಾರ್ನ್ ತಯಾರಿಸುವ ಕಾರ್ಖಾನೆಯೊಂದರ ಎಂಟು ಮಾಜಿ ಕಾರ್ಮಿಕರಲ್ಲಿ ಸಣ್ಣ ದಾರಿಗಳು ಗಾಯಕಟ್ಟಿ ಮುಚ್ಚಿಹೋಗುವ ಕಾಯಿಲೆ ವರದಿಯಾಯಿತು. ತನಿಖೆ ಬೆಣ್ಣೆಯ ರುಚಿ ಕೊಡುವ ಮಿಶ್ರಣದ ಆವಿಯತ್ತ, ಅದರಲ್ಲೂ ಡೈಅಸಿಟೈಲ್ ಎಂಬ ರಾಸಾಯನಿಕದತ್ತ ಬೆರಳು ತೋರಿಸಿತು. ತಿನ್ನುವಾಗ ತೊಂದರೆ ಕೊಡದ ವಸ್ತು ಆವಿಯಾಗಿ ಒಳಹೋದಾಗ ಮರಳಿ ಸರಿಯಾಗದ ಹಾನಿ ಮಾಡಿತ್ತು. ಅಲ್ಲಿ ದುಡಿದವರಿಗೆ ಎಚ್ಚರಿಕೆಯ ಗಂಟೆ ಯಾವುದೂ ಸಮಯಕ್ಕೆ ಬಾರಿಸಲಿಲ್ಲ. ಇ-ಸಿಗರೇಟಿನ ಪರಿಮಳಗಳನ್ನು ನಿರುಪದ್ರವಿ ಎಂದು ಮಾರುವುದನ್ನು ಕಂಡಾಗ ನನಗೆ ಆ ಕಾರ್ಮಿಕರ ನೆನಪಾಗಿ ಸಂಕಟವಾಗುತ್ತದೆ.

ಉಬ್ಬಸದ ಕಥೆ ಸ್ವಲ್ಪ ಬೇರೆ, ಆದರೆ ಜಾಗ ಅದೇ. ಇಲ್ಲಿ ದಾರಿಗಳು ನಾಶವಾಗುವುದಕ್ಕಿಂತ ಹೆಚ್ಚಾಗಿ ಮುದುಡಿಕೊಳ್ಳುತ್ತವೆ. ಗೋಡೆ ಊದಿಕೊಳ್ಳುತ್ತದೆ, ಅಂಟು ಕಫ ಬಿರಡೆಯಾಗಿ ಕೂರುತ್ತದೆ, ನಯಸ್ನಾಯು ಬಿಗಿಯುತ್ತದೆ. ಈ ಮೂರರಲ್ಲಿ ನೀಲಿ ಇನ್‌ಹೇಲರಿನ ಸಾಲ್ಬುಟಮಾಲ್ ಸಡಿಲಿಸುವುದು ಸ್ನಾಯುವನ್ನು ಮಾತ್ರ. ಕ್ಷಣದಲ್ಲಿ ಹಾಯೆನಿಸುತ್ತದೆ, ಆದರೆ ಊತ ಇದ್ದಲ್ಲೇ ಇರುತ್ತದೆ. ಬರೀ ಆ ಔಷಧವನ್ನು ನೆಚ್ಚಿಕೊಳ್ಳಬಾರದು, ಉರಿಯೂತ ತಗ್ಗಿಸುವ ಸ್ಟಿರಾಯ್ಡ್ ಉಸಿರೌಷಧ ಜೊತೆಗಿರಲೇಬೇಕು ಎಂದು ಉಬ್ಬಸದ ಜಾಗತಿಕ ಮಾರ್ಗಸೂಚಿ 2019ರಲ್ಲಿ ಹದಿಹರೆಯದವರಿಗೂ ವಯಸ್ಕರಿಗೂ ಸ್ಪಷ್ಟವಾಗಿ ಹೇಳಿತು. ಇನ್‌ಹೇಲರ್ ಬಳಸಿದರೆ ಚಟ ಹತ್ತುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಔಷಧ ಬೇಕಾದ ಜಾಗಕ್ಕೇ ನೇರವಾಗಿ ತಲುಪುವುದರಿಂದ ಮಾತ್ರೆಗಿಂತ ತೀರಾ ಕಡಿಮೆ ಪ್ರಮಾಣ ಸಾಕಾಗುತ್ತದೆ. ಔಷಧದ ಕಣಗಳನ್ನೂ ಒಂದರಿಂದ ಐದು ಮೈಕ್ರೋಮೀಟರಿನ ಅಳತೆಗೆ ಹೊಂದಿಸಿರುತ್ತಾರೆ. ಒತ್ತಿದಾಗ ಚಿಮ್ಮುವ ಬಗೆಯ ಇನ್‌ಹೇಲರಿನಲ್ಲಿ ಉಸಿರನ್ನು ನಿಧಾನವಾಗಿ, ಆಳವಾಗಿ ಎಳೆದು ಹತ್ತು ಸೆಕೆಂಡು ಹಿಡಿಯಬೇಕು. ಗಬಕ್ಕನೆ ಎಳೆದರೆ ಔಷಧವೆಲ್ಲ ಗಂಟಲಿಗೆ ಬಡಿದು ಅಲ್ಲೇ ಉಳಿಯುತ್ತದೆ. ಪುಡಿಯ ಇನ್‌ಹೇಲರಿಗೆ ಇದು ತಿರುಗುಮುರುಗು, ಅಲ್ಲಿ ಜೋರಾಗಿಯೇ ಎಳೆಯಬೇಕು. ಈ ಒಂದು ವ್ಯತ್ಯಾಸವನ್ನು ರೋಗಿಗೆ ಎದುರಿಗೆ ಕೂರಿಸಿಕೊಂಡು ತೋರಿಸಿಕೊಡದಿದ್ದರೆ ಒಳ್ಳೆಯ ಔಷಧವೂ ದಂಡ.

ಧೂಮಪಾನ ಮಾಡದವರಿಗೂ ಸಿಒಪಿಡಿ ಏಕೆ ಬರುತ್ತದೆ ಎಂಬ ಪ್ರಶ್ನೆಗೆ ಅಡುಗೆಮನೆಯ ಹೊಗೆ, ಹೊರಗಿನ ಮಾಲಿನ್ಯ, ದೂಳಿನ ಉದ್ಯೋಗ ಒಂದಿಷ್ಟು ಉತ್ತರ ಕೊಡುತ್ತವೆ. ಇನ್ನೊಂದು ಉತ್ತರ ಹುಟ್ಟಿಗಿಂತ ಮುಂಚಿನದು. ಭ್ರೂಣದಲ್ಲಿ ಶ್ವಾಸಕೋಶದ ಮೊಗ್ಗು ನಾಲ್ಕನೆಯ ವಾರದಲ್ಲಿ ಮೂಡುತ್ತದೆ. ಸುಮಾರು 16ನೆಯ ವಾರದ ಹೊತ್ತಿಗೆ ಸಾಗಣೆಯ ದಾರಿಗಳ ಕವಲೊಡೆಯುವಿಕೆ ಹೆಚ್ಚುಕಡಿಮೆ ಮುಗಿದಿರುತ್ತದೆ. ಹುಟ್ಟಿದ ಮೇಲೆ ಗಾಳಿಗೂಡುಗಳು ಹೊಸದಾಗಿ ಮೂಡುತ್ತವೆ, ದಾರಿಗಳು ಅಗಲವಾಗುತ್ತವೆ, ಆದರೆ ಹೊಸ ಸಾಗಣೆಯ ದಾರಿಗಳು ಹುಟ್ಟುವುದಿಲ್ಲ. ಜೀವನಪೂರ್ತಿ ಅಷ್ಟೇ ಬಂಡವಾಳ. ಕೆಲವರಲ್ಲಿ ಶ್ವಾಸಕೋಶದ ಗಾತ್ರಕ್ಕೆ ಹೋಲಿಸಿದರೆ ದಾರಿಗಳು ಮೊದಲಿನಿಂದಲೇ ಕಿರಿದು. 2020ರ ಒಂದು ದೊಡ್ಡ ಅಧ್ಯಯನ ಇಂಥವರಲ್ಲಿ ಸಿಒಪಿಡಿಯ ಸಂಭವ ಹೆಚ್ಚೆಂದು ಕಂಡುಕೊಂಡಿತು. 2015ರ ಇನ್ನೊಂದು ಅಧ್ಯಯನದಲ್ಲಿ, ಸಿಒಪಿಡಿಗೆ ತುತ್ತಾದವರಲ್ಲಿ ಸುಮಾರು ಅರ್ಧದಷ್ಟು ಜನರ ಉಸಿರಿನ ಸಾಮರ್ಥ್ಯ ವೇಗವಾಗಿ ಕುಸಿದಿರಲೇ ಇಲ್ಲ. ಯೌವನದಲ್ಲೇ ಅದು ಏರಬೇಕಾದ ಎತ್ತರಕ್ಕೆ ಏರಿರಲಿಲ್ಲ. ಹಾಗಾಗಿ ಗರ್ಭಿಣಿಯ ಸುತ್ತಲಿನ ಹೊಗೆ, ಎಳೆಮಗುವಿಗೆ ಮತ್ತೆ ಮತ್ತೆ ಬರುವ ಎದೆ ಸೋಂಕು ಇವೆಲ್ಲ ಅರವತ್ತರ ವಯಸ್ಸಿನ ಏದುಸಿರಿಗೆ ಸಂಬಂಧಪಟ್ಟ ವಿಷಯಗಳೇ. ರೋಗಿಯ ಅಭ್ಯಾಸಗಳನ್ನು ಮಾತ್ರ ದೂಷಿಸುವುದು ತಪ್ಪು ಎಂದು ಆರಂಭದಲ್ಲಿ ಹೇಳಲು ಇದೂ ಒಂದು ಕಾರಣ.

ಪತ್ತೆಯ ವಿಷಯದಲ್ಲಿ ನಾವು ಇಂದಿಗೂ ನೆಚ್ಚಿರುವುದು ಸ್ಪೈರೋಮೆಟ್ರಿಯನ್ನು. ಪೂರ್ತಿ ಉಸಿರೆಳೆದು ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು, ಒಟ್ಟು ಎಷ್ಟು ಬಂತು ಎಂದು ಅದು ಅಳೆಯುತ್ತದೆ. ದಾರಿ ಸಡಿಲಿಸುವ ಔಷಧ ಕೊಟ್ಟ ಮೇಲೂ ಇವೆರಡರ ಅನುಪಾತ 0.70ಕ್ಕಿಂತ ಕೆಳಗಿದ್ದರೆ ಅಡಚಣೆ ಇದೆ ಎಂದರ್ಥ. ಸರಳವಾದ, ನಂಬಬಹುದಾದ ಪರೀಕ್ಷೆ, ಅದನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಆದರೆ ಅದರ ಸಹಜ ವರದಿಯನ್ನು ಶ್ವಾಸಕೋಶ ಪೂರ್ತಿ ಚೆನ್ನಾಗಿದೆ ಎಂಬ ಪ್ರಮಾಣಪತ್ರವಾಗಿ ಓದಬಾರದು. ಸಾಮಾನ್ಯ ಸಿಟಿ ಸ್ಕ್ಯಾನಿಗೂ ಎರಡು ಮಿಲಿಮೀಟರಿಗಿಂತ ಕಿರಿದಾದ ದಾರಿಗಳು ನೇರವಾಗಿ ಕಾಣುವುದಿಲ್ಲ. ಉಸಿರು ಬಿಟ್ಟ ಸ್ಥಿತಿಯಲ್ಲೂ ಒಂದು ಚಿತ್ರ ತೆಗೆದರೆ ಗಾಳಿ ಹೊರಹೋಗದೆ ಸಿಕ್ಕಿಕೊಂಡ ಭಾಗಗಳು ಕಪ್ಪಾಗಿ ಕಂಡು ಸುಳಿವು ಕೊಡುತ್ತವೆ.

ಆಸಿಲೋಮೆಟ್ರಿ ಎಂಬ ವಿಧಾನ ಇದಕ್ಕಿಂತ ಆಶಾದಾಯಕ. ಇದರಲ್ಲಿ ಊದುವ ಶ್ರಮವಿಲ್ಲ. ರೋಗಿ ಸಹಜವಾಗಿ ಉಸಿರಾಡುತ್ತಿರುವಾಗ ಬಾಯಿಯ ಮೂಲಕ ಸಣ್ಣ ಒತ್ತಡದ ಅಲೆಗಳನ್ನು ಕಳಿಸುತ್ತಾರೆ. ಹೆಚ್ಚು ಆವರ್ತನದ ಅಲೆಗಳು ದೊಡ್ಡ ದಾರಿಗಳ ಸ್ಥಿತಿಯನ್ನು, ಕಡಿಮೆ ಆವರ್ತನದವು ಒಳಗಿನ ಸಣ್ಣ ದಾರಿಗಳ ಸ್ಥಿತಿಯನ್ನೂ ಸೇರಿಸಿ ತಿಳಿಸುತ್ತವೆ. ಎರಡರ ನಡುವಿನ ಅಂತರದಿಂದ ಸಣ್ಣ ದಾರಿಗಳ ತೊಂದರೆಯನ್ನು ಊಹಿಸಬಹುದು. ಜೋರಾಗಿ ಊದಲು ಬಾರದ ಪುಟ್ಟ ಮಕ್ಕಳಿಗೂ ವಯಸ್ಸಾದವರಿಗೂ ಇದು ಒಗ್ಗುತ್ತದೆ. ಈ ತತ್ತ್ವವನ್ನು ವಿಜ್ಞಾನಿಗಳು ವಿವರಿಸಿದ್ದು 1956ರಲ್ಲೇ, ಆದರೂ ಅದು ಇಂದಿಗೂ ದೊಡ್ಡ ಆಸ್ಪತ್ರೆಗಳ ಆಚೆಗೆ ಅಪರೂಪ. ಹೊಗೆ ಮತ್ತು ದೂಳಿನ ನಡುವೆ ದುಡಿಯುವವರಿಗೆ, ಅವಧಿಗೆ ಮೊದಲೇ ಹುಟ್ಟಿದ ಮಕ್ಕಳಿಗೆ, ಬಾಲ್ಯದಲ್ಲಿ ಪದೇ ಪದೇ ಎದೆ ಕಟ್ಟಿದವರಿಗೆ ಇಪ್ಪತ್ತೈದು ವಯಸ್ಸಿನೊಳಗೆ ಒಮ್ಮೆಯಾದರೂ ಸ್ಪೈರೋಮೆಟ್ರಿ, ಸಾಧ್ಯವಿದ್ದಲ್ಲಿ ಆಸಿಲೋಮೆಟ್ರಿ ಮಾಡಿ ಅವರ ಆರಂಭದ ಅಂಕಿಯನ್ನು ದಾಖಲಿಸಿಡಬೇಕು. ಆ ವಯಸ್ಸಿನಲ್ಲಿ ಉಸಿರಿನ ಸಾಮರ್ಥ್ಯ ತನ್ನ ಗರಿಷ್ಠ ಮಟ್ಟದಲ್ಲಿರುತ್ತದೆ. ಹತ್ತು ವರ್ಷಗಳ ಬಳಿಕ ಬರುವ ವರದಿಯನ್ನು ಜನಸಮುದಾಯದ ಸರಾಸರಿಯೊಂದಿಗೆ ಮಾತ್ರವಲ್ಲ, ಆ ವ್ಯಕ್ತಿಯ ಸ್ವಂತ ಅಂಕಿಯೊಂದಿಗೂ ಹೋಲಿಸಲು ಆಗ ಸಾಧ್ಯವಾಗುತ್ತದೆ.